ನೆಟ್‌ನಾಗ ಐತಿ, ನೋಡ್ಕೋರಿ

ತಮ್ಮ ಬಗ್ಗೆ ತಾವೇ ಬರೆದುಕೊಳ್ಳಬಾರದು ಎಂಬ ನಿಯಮ ಎಲ್ಲಿ ಇರುತ್ತದೋ ಅಲ್ಲಿ ಬರೆದುಕೊಳ್ಳುವವರೂ ಇರುತ್ತಾರೆ. ಹಾಗಾಗಿ ಇಂಥ ಪ್ರಸಂಗಗಳಿಗೆ ನನಗೆ ಎಂದೂ ಬರಗಾಲ ಬಂದದ್ದಿಲ್ಲ.

ನಾನು ಪೀಣ್ಯದ ಒಂದು ಪಂಪು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವನು. ಲೇತಿನಿಂದ ಬಂದ ಪೀಸಿಗೆ ಅಳತೆಯ ಗೇಜು ಹಾಕಿ ನೋಡುವುದು ನನ್ನ ಕೆಲಸ. ಕೂತರೆ ಪಾಸು, ಕೂರದಿದ್ದರೆ ರಿಜೆಕ್ಟು. ಇಪ್ಪತ್ತು ವರ್ಷ ಇದನ್ನೇ ಮಾಡಿದವನ ಸ್ವಭಾವ ಏನಾಗುತ್ತದೆ ಅನ್ನುವುದನ್ನು ನನ್ನ ಹೆಂಡತಿಯನ್ನು ಕೇಳಬೇಕು. ತಟ್ಟೆಗೆ ಇಡ್ಲಿ ಬಿದ್ದ ಕೂಡಲೇ ನಾನು ಮೊದಲು ಅದರ ಅಂಚು ನೋಡುತ್ತೇನಂತೆ.

ಈ ಸ್ವಭಾವಕ್ಕೆ ತಕ್ಕ ಹವ್ಯಾಸವೂ ಸಿಕ್ಕಿತು. ಅಂತರ್ಜಾಲದಲ್ಲಿ ಒಂದು ಕನ್ನಡ ವಿಶ್ವಕೋಶ ಇದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಬರೆದ ಪ್ರತಿ ಮಾತಿಗೂ ಪುಸ್ತಕದ್ದೋ ಪತ್ರಿಕೆಯದೋ ಉಲ್ಲೇಖ ಕೊಡಬೇಕು, ಮತ್ತು ತಮ್ಮ ಪುಟವನ್ನು ತಾವೇ ಬರೆದುಕೊಳ್ಳಬಾರದು. ಸಂಬಳವಿಲ್ಲದ ಸಂಪಾದಕರಲ್ಲಿ ನಾನೂ ಒಬ್ಬ. ಬೆಳಗಿನ ಪಾಳಿಗೆ ಮುಂಚೆ ಅರ್ಧ ಗಂಟೆ, ಊಟದ ಬಿಡುವಿನಲ್ಲಿ ಇಪ್ಪತ್ತು ನಿಮಿಷ ಕೂತು, ಹಿಂದಿನ ದಿನ ಯಾರು ಯಾರು ಮಹಾನುಭಾವರಾಗಿದ್ದಾರೆ ಎಂದು ನೋಡುತ್ತಿದ್ದೆ.

ನೋಡಿದ್ದನ್ನೆಲ್ಲ ಕ್ಯಾಂಟೀನಿನಲ್ಲಿ ಹೇಳುತ್ತಿದ್ದೆ. ಕೇಳುವವರಲ್ಲಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ನಮ್ಮ ಟೂಲ್ ರೂಮಿನ ಫೋರ್ಮನ್ನರು. ಗದಗಿನ ಕಡೆಯವರು, ನಮ್ಮ ಕಾರ್ಖಾನೆಯ ಕನ್ನಡ ಸಂಘಕ್ಕೆ ಕಾಯಂ ಅಧ್ಯಕ್ಷರು. ನನ್ನನ್ನು ಗೇಜ್ ಸಾಹೇಬ್ರು ಅಂತಲೇ ಕರೆಯುತ್ತಿದ್ದರು. "ಎಂಥೆಂಥಾ ಮಂದಿ ಇರ್ತಾರ್ರಿ," ಎಂದು ಕಣ್ಣೊರೆಸಿಕೊಂಡು ಇನ್ನೊಂದು ಹೇಳಿ ಅನ್ನುತ್ತಿದ್ದರು. ಅವರ ಸರದಿ ಕೊನೆಯಲ್ಲಿ ಬರುತ್ತದೆ.

ಚಪ್ಪಾಳೆಗೆ ಜಾಗ

ಬ್ರೂಕ್‌ಫೀಲ್ಡಿನ ಒಂದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರ ಬಗ್ಗೆ ಒಂದು ಬೆಳಿಗ್ಗೆ ಪುಟ ಮೂಡಿತ್ತು. ಸರಳ ಸಜ್ಜನರು, ಅಜಾತಶತ್ರು, ನೀರಿನ ಟ್ಯಾಂಕರಿನ ಸಮಸ್ಯೆಯನ್ನು ಸಮರ್ಥವಾಗಿ ಎದುರಿಸಿದ ಧೀಮಂತರು. ಇಲ್ಲಿಯವರೆಗೆ ಮಾಮೂಲು. ಎರಡನೇ ಪ್ಯಾರಾದ ಕೊನೆಯಲ್ಲಿ ಹೀಗಿತ್ತು: "ಇಂಥ ಅಪರೂಪದ ವ್ಯಕ್ತಿ ಇಂದು ನಮ್ಮೊಂದಿಗೆ ಈ ವೇದಿಕೆಯ ಮೇಲೆ ಇದ್ದಾರೆ ಎನ್ನುವುದೇ ನಮ್ಮ ಸೌಭಾಗ್ಯ. ಜೋರಾದ ಚಪ್ಪಾಳೆ. ಇಲ್ಲಿ ಸ್ವಲ್ಪ ನಿಲ್ಲಿಸುವುದು."

ರಾಜ್ಯೋತ್ಸವದ ಸನ್ಮಾನದಲ್ಲಿ ನಿರೂಪಕಿ ಓದಿದ ಚೀಟಿಯನ್ನು ಇದ್ದ ಹಾಗೇ ತಂದು ಅಂಟಿಸಿದ್ದರು. ನಾನು ಚರ್ಚಾಪುಟದಲ್ಲಿ, ಇವರು ಸರಳ ಸಜ್ಜನರು ಎಂಬುದಕ್ಕೆ ಉಲ್ಲೇಖ ಬೇಕು ಎಂದು ಬರೆದೆ. ಮಾರನೇ ದಿನವೇ ಉತ್ತರ ಬಂತು. ಸಮಾರಂಭದ ವಿಡಿಯೊ ಹಾಕಿದ್ದರು. ನೋಡಿದೆ. ನಿರೂಪಕಿ ಅದೇ ಚೀಟಿಯನ್ನು ಓದುತ್ತಿದ್ದರು, ಚಪ್ಪಾಳೆಯ ಹತ್ತಿರ ಬಂದಾಗ ನಿಲ್ಲಿಸಿದ್ದರು, ಜನ ತಟ್ಟಿದ್ದರು.

"ಚೀಟಿ ಬರೆದವರು ಯಾರು?" ಎಂದು ಕೇಳಿದೆ.

"ನಾನೇ ಸಾರ್," ಎಂದು ಉತ್ತರ ಬಂತು. "ಸನ್ಮಾನ ಮಾಡಿಸ್ಕೊಳ್ಳೋರೇ ಪರಿಚಯ ಬರ್ಕೊಡೋದು ಪದ್ಧತಿ ಅಲ್ವಾ? ಇನ್ಯಾರಿಗೆ ಅಷ್ಟು ಗೊತ್ತಿರುತ್ತೆ ನಮ್ಮ ಬಗ್ಗೆ?"

ಆ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲಿ ಶಾಲು ಹೊದಿಸುವವರು ಬೇರೆ, ಹಣ್ಣಿನ ಬುಟ್ಟಿ ಕೊಡುವವರು ಬೇರೆ, ಹೊಗಳುವ ಕೆಲಸ ಮಾತ್ರ ಸನ್ಮಾನಿತರದ್ದೇ. ಆದರೂ ಗೇಜು ಗೇಜೇ. ಪುಟವನ್ನು ಅಳಿಸುವ ಮುನ್ನ ಅವರಿಗೆ ತಿಳಿಸಿದೆ. ಅವರು ಜಗಳ ಆಡಲಿಲ್ಲ. ಒಂದೇ ಕೋರಿಕೆ ಇಟ್ಟರು: "ವಿಷಯ ಎಲ್ಲಾ ತೆಗೀರಿ ಸಾರ್, ಬೇಜಾರಿಲ್ಲ. ಚಪ್ಪಾಳೆ ನಿಜವಾಗ್ಲೂ ಬಿದ್ದಿತ್ತು, ಅದೊಂದು ಬಿಡಿ."

ಶುಭ ಕೋರುವವರು

ವರ್ತೂರು ಕಡೆಯ ಒಬ್ಬ ಮಾಜಿ ಪಂಚಾಯಿತಿ ಸದಸ್ಯರ ಪುಟವನ್ನು ಅಲ್ಲಿನ ಫ್ಲೆಕ್ಸ್ ಅಂಗಡಿಯವರು ಮಾಡಿಕೊಟ್ಟಿದ್ದರು. ಫ್ಲೆಕ್ಸ್ ಅಂಗಡಿಯವರಿಗೆ ಬೋರ್ಡು ಮಾಡಿ ಅಭ್ಯಾಸ. ಆದ್ದರಿಂದ ಪುಟವೂ ಬೋರ್ಡಿನಂತೆಯೇ ಬಂದಿತ್ತು. ನಡುವೆ ಕೈ ಮುಗಿದು ನಿಂತ ನಾಯಕರು, ಕೆಳಗೆ "ಶುಭ ಕೋರುವವರು" ಎಂದು ಇಪ್ಪತ್ತೆರಡು ಜನರ ಮುಖಗಳು. ಕೆಲವರು ಫೋನಿನಲ್ಲಿ ಮಾತಾಡುತ್ತಿದ್ದರು, ಇಬ್ಬರು ಕಪ್ಪು ಕನ್ನಡಕ ಹಾಕಿದ್ದರು.

ಮುಖಗಳನ್ನೆಲ್ಲ ತೆಗೆದೆ. ನಾಯಕರ ಬಗ್ಗೆ ಎರಡು ಸಾಲು ಉಳಿಸಿ, ಉಲ್ಲೇಖ ಬೇಕೆಂದು ಪುಟದ ಮೇಲೆ ಸೂಚನೆಯ ಪಟ್ಟಿ ಹಾಕಿದೆ.

ಅದೇ ಭಾನುವಾರ ವೈಟ್‌ಫೀಲ್ಡಿನ ಕಾಲೇಜೊಂದರಲ್ಲಿ, ವಿಶ್ವಕೋಶದಲ್ಲೇ ಪ್ರಕಟಣೆ ಹಾಕಿ ಕರೆದಿದ್ದ ನಮ್ಮ ಸಂಪಾದಕರ ಸಭೆ ಇತ್ತು. ಎಂಟು ಜನ ಬಂದಿದ್ದೆವು. ಹನ್ನೊಂದು ಗಂಟೆಗೆ ಎರಡು ಜೀಪಿನಲ್ಲಿ ಹದಿನೈದು ಜನ ಬಂದು ಇಳಿದರು. ನಮ್ಮ ಸಭೆಗೆ ಅಷ್ಟು ಜನ ಎಂದೂ ಬಂದಿರಲಿಲ್ಲವಾದ್ದರಿಂದ ಮೊದಲು ನಮಗೆ ಸಂತೋಷವೇ ಆಯಿತು. ಆಮೇಲೆ ಮುಖಗಳ ಗುರುತು ಹತ್ತಿತು. ಎಲ್ಲೋ ನೋಡಿದ್ದೇನಲ್ಲ ಅಂದುಕೊಂಡೆ. ನಾನೇ ತೆಗೆದಿದ್ದ ಮುಖಗಳು.

"ಯಾರ್ ಸಾ ಇಲ್ಲಿ ಫೋಟೋ ತೆಗ್ಯೋರು?" ಎಂದು ಕಪ್ಪು ಕನ್ನಡಕದವರೊಬ್ಬರು ಕೇಳಿದರು.

ನಾನು ಎದ್ದು ನಿಂತು ನಿಯಮ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, "ಅದು ಸರಿ ಸಾ. ಆದ್ರೆ ಮೊದಲನೇ ಸಾಲ್ನಾಗೆ ನಾನಿದ್ದೆ. ಈಗ ಇಲ್ಲ ಅಂದ್ರೆ ಊರ್ನಾಗೆ ಏನಂದ್ಕತಾರೆ? ಎರಡನೇ ಸಾಲ್ನೋರ್ದು ತೆಗೆದ್ರೆ ಒಪ್ಬೋದು," ಎಂದರು. ಎರಡನೇ ಸಾಲಿನವರು ಅಲ್ಲೇ ಹಿಂದೆ ನಿಂತಿದ್ದರು. ಮುಂದಿನ ಅರ್ಧ ಗಂಟೆ ಜಗಳ ನಮ್ಮ ಕೈ ತಪ್ಪಿ ಅವರವರ ನಡುವೆಯೇ ನಡೆಯಿತು. ಕಾಲೇಜಿನ ವಾಚ್‌ಮನ್ ಬಂದು ಗೇಟು ಹಾಕುತ್ತೇನೆ ಎಂದ ಮೇಲೆ ನಿಂತಿತು.

ಜೊತೆಗೆ ಬಂದಿದ್ದ ನಾಯಕರು ಮಾತ್ರ ಶಾಂತವಾಗಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು. "ನಂದು ಬೇಕಾರೆ ತೆಗ್ದಾಕ್ಬುಡಿ ಸಾ, ಏನೂ ಬೇಜಾರಿಲ್ಲ. ಉಡುಗ್ರುದು ಬುಡಿ. ಎಲೆಕ್ಷನ್ ಅತ್ರ ಬಂತು."

ಶನಿವಾರದ ಸಾಹೇಬರು

ಇದು ಚಿಕ್ಕದು. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರರಿಗೆ ತಮ್ಮ ಪುಟ ಎಲ್ಲ ಭಾಷೆಗಳಲ್ಲೂ ಇರಬೇಕೆಂದು ಆಸೆಯಾಯಿತು. ಅವರು ಉತ್ತರದವರು, ಕನ್ನಡ ಬಾರದು. ತಮ್ಮ ಕೈಕೆಳಗಿನವರಿಗೆ ಒಬ್ಬೊಬ್ಬರಿಗೆ ಒಂದೊಂದು ಭಾಷೆ ಹಂಚಿ, ಶುಕ್ರವಾರ ಸಂಜೆಯೊಳಗೆ ಮುಗಿಸಿ ಎಂದು ಹೇಳಿದರು.

ಕನ್ನಡದ ಪುಟದಲ್ಲಿ ಹೀಗಿತ್ತು: "ಇವರು ಶನಿವಾರಗಳಂದು ಕೆಲಸಕ್ಕೆ ಕರೆಯುವುದಕ್ಕೆ ಹೆಸರಾದವರು. ಸಹೋದ್ಯೋಗಿಯೊಬ್ಬರ ಮದುವೆಯ ದಿನ, ಧಾರೆಯ ವೇಳೆಗೆ ಎರಡು ಬಾರಿ ಫೋನ್ ಮಾಡಿದ್ದಾರೆ. ಇತರರ ಕೆಲಸವನ್ನು ತಮ್ಮದೆಂದು ತೋರಿಸುವ ಕಲೆಯಲ್ಲಿ ಇವರದು ವಿಶಿಷ್ಟ ಶೈಲಿ." ಪಕ್ಕದಲ್ಲಿ ಸಾಹೇಬರ ನಗುಮುಖದ ಫೋಟೋ.

ಅಳಿಸಬೇಕೆಂದು ಪಟ್ಟಿ ಹಾಕಿದಾಗ ಸಾಹೇಬರಿಂದಲೇ ಇಂಗ್ಲಿಷಿನಲ್ಲಿ ಆಕ್ಷೇಪಣೆ ಬಂತು. ಇದನ್ನು ನನ್ನ ಹುಡುಗರು ಪ್ರೀತಿಯಿಂದ ಬರೆದಿದ್ದಾರೆ, ಬೇರೆ ಭಾಷೆಗಳಿಗಿಂತ ಕನ್ನಡದಲ್ಲೇ ಉದ್ದವಾಗಿದೆ, ದಯವಿಟ್ಟು ಉಳಿಸಿ ಎಂದು.

ಅಳಿಸಿದೆ, ಆದರೆ ಮನಸ್ಸಿಲ್ಲದೆ. ನನ್ನ ಅನುಭವದಲ್ಲಿ ಆತ್ಮಪ್ರಶಂಸೆ ಇಲ್ಲದ ಪುಟವೆಂದರೆ ಅದೊಂದೇ.

ಫೋರ್ಮನ್ನರು

ಸಾಹೇಬರ ಕಥೆಗೆ ಫೋರ್ಮನ್ನರು ಎಷ್ಟು ನಕ್ಕರೆಂದರೆ ಮಜ್ಜಿಗೆ ನೆತ್ತಿಗೇರಿತು. ಆ ನಗು ಆರುವ ಮೊದಲೇ, ಒಂದು ಬೆಳಿಗ್ಗೆ ಹೊಸ ಪುಟಗಳ ಪಟ್ಟಿಯಲ್ಲಿ ಅವರ ಹೆಸರು ಕಂಡಿತು.

ಫೋರ್ಮನ್ನರು ಚುಟುಕು ಬರೆಯುತ್ತಿದ್ದರು. ಎರಡು ಪುಸ್ತಕ ತಾವೇ ಅಚ್ಚು ಹಾಕಿಸಿ, ಆಯುಧಪೂಜೆಯ ಬೂದುಗುಂಬಳದ ಜೊತೆಗೆ ಎಲ್ಲರಿಗೂ ಹಂಚಿದ್ದರು. ನಾನು ಕವಿತೆಯ ಗೇಜು ಹಿಡಿದವನಲ್ಲ. ಆದರೂ ಒಂದು ನೆನಪಿದೆ:

ದಿನವೆಲ್ಲ ಕಬ್ಬಿಣ ಕೊರೆಯುವ ಗಂಡ,
ಗೋಡೆಗೊಂದು ಮೊಳೆ ಹೊಡಿ ಅಂದರೆ ಬಂದ,
ಡ್ರಾಯಿಂಗ್ ಎಲ್ಲಿ, ಅಳತೆ ಎಲ್ಲಿ ಅಂದ;
ಕ್ಯಾಲೆಂಡರ್ ನೆಲದಲ್ಲೇ ಇದೆ ಅಂದಿನಿಂದ.

ಪುಟ ತಾನಾಗಿ ಮೂಡಿದ್ದಲ್ಲ. ಆಗಷ್ಟೇ ಅವರ ಊರಿನವರು, ಸಂಘದವರು ಸೇರಿ ದಾಸರಹಳ್ಳಿಯ ಒಂದು ಸಭಾಭವನದಲ್ಲಿ ಅವರಿಗೆ ಅರವತ್ತರ ಅಭಿನಂದನೆ ಮಾಡಿದ್ದರು. ಶಾಲು, ಪೇಟ, ಒಂದು ನೆನಪಿನ ಸಂಚಿಕೆ. ಆ ಸಂಭ್ರಮದಲ್ಲಿ ಫೋರ್ಮನ್ನರು ಪುಟ ಬರೆದುಕೊಂಡಿದ್ದರು. ಯಾರದೋ ಹೆಸರಿನಲ್ಲಿ ಬರೆದಿದ್ದರೂ, "ಇವರ ಶಾಂತ ಸ್ವಭಾವ ಟೂಲ್ ರೂಮಿನ ಎಲ್ಲರಿಗೂ ಚಿರಪರಿಚಿತ" ಎಂಬ ಸಾಲಿನಲ್ಲೇ ಬರೆದವರು ಯಾರೆಂದು ಗೊತ್ತಾಗುತ್ತಿತ್ತು. ಟೂಲ್ ರೂಮಿನ ಬೇರೆ ಯಾರೂ ಆ ಸಾಲು ಬರೆಯುವಂತಿರಲಿಲ್ಲ.

ಸ್ನೇಹ ಬೇರೆ, ತಪಾಸಣೆ ಬೇರೆ. ಎಲ್ಲರ ಪುಟಕ್ಕೆ ಹಾಕುವ ಪಟ್ಟಿಯನ್ನು ಅವರ ಪುಟಕ್ಕೂ ಹಾಕಿದೆ: ಈ ಲೇಖನವನ್ನು ಸಂಬಂಧಪಟ್ಟವರೇ ಬರೆದಿರುವಂತಿದೆ. ಹುಟ್ಟಿದ ಇಸವಿಯ ಮುಂದೆ, ಉಲ್ಲೇಖ ಬೇಕು ಎಂದೂ ಬರೆದೆ.

ಎರಡೇ ದಿನದಲ್ಲಿ ಉಲ್ಲೇಖ ಬಂತು. ನೆನಪಿನ ಸಂಚಿಕೆಯ ಮೂರನೇ ಪುಟ. ಅಲ್ಲಿ ಜಾತಕದ ಸಮೇತ, ಗಳಿಗೆಯ ಸಮೇತ ಹುಟ್ಟಿದ ದಿನ ಅಚ್ಚಾಗಿತ್ತು. ಅಷ್ಟು ಪಕ್ಕಾ ಉಲ್ಲೇಖವನ್ನು ನಾನು ಬೇರೆ ಯಾವ ಪುಟದಲ್ಲೂ ಕಂಡಿರಲಿಲ್ಲ. ಅವರ ಚುಟುಕುಗಳ ಬಗ್ಗೆ ಬಂದಿದ್ದ ಎರಡು ಪತ್ರಿಕಾ ಬರಹಗಳನ್ನೂ ಹಾಕಿದ್ದರು. ಬರೆದವರು ಯಾರೇ ಆಗಲಿ, ಮಾತಿಗೆಲ್ಲ ಉಲ್ಲೇಖ ಕೂತ ಮೇಲೆ ಪುಟ ಉಳಿಯಬಹುದು. ಪಾಸು ಮಾಡಿದೆ.

ಫೋರ್ಮನ್ನರು ಮಾತ್ರ ನನ್ನನ್ನು ಪಾಸು ಮಾಡಲಿಲ್ಲ. ಮಾರನೇ ದಿನದಿಂದ ಕ್ಯಾಂಟೀನಿನಲ್ಲಿ ಬೇರೆ ಮೇಜಿಗೆ ಕೂತರು. "ಊರ ಮಂದೀನ್ನ ಮುಂದ ಇಟ್ಕೊಂಡು ನಕ್ಕಂಗ ನನ್ನನ್ನೂ ಇಟ್ಕೊಂಡ್ರಿ," ಎಂದು ಒಮ್ಮೆ ಕೈ ತೊಳೆಯುವ ಜಾಗದಲ್ಲಿ ಹೇಳಿದರು, ನಲ್ಲಿಯ ಕಡೆ ನೋಡುತ್ತ. ನಾನು ಅವರ ಕಥೆಯನ್ನು ಯಾರಿಗೂ ಹೇಳಿರಲಿಲ್ಲ. ಆದರೂ ಚುರುಕ್ ಎಂದಿತು. ಹೀಗೆ ಒಂದೂವರೆ ವರ್ಷ ಕಳೆಯಿತು.

ಅಷ್ಟರಲ್ಲಿ ಕಾರ್ಖಾನೆಗೆ ಹೊಸ ಎಚ್.ಆರ್. ಮ್ಯಾನೇಜರ್ ಬಂದ. ಚುರುಕು ಯುವಕ, ಎಲ್ಲರನ್ನೂ ಸಾರ್ ಎಂದೇ ಕರೆಯುವವನು, ಕರೆಯುತ್ತಲೇ ಮೆಮೊ ಕೊಡುವವನು. ರಾಜ್ಯೋತ್ಸವಕ್ಕೆ ಕಾರ್ಖಾನೆಯ ಕೆಲವು ಹಿರಿಯರಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಪದ್ಧತಿಯಂತೆ ಎಲ್ಲರೂ ತಮ್ಮ ತಮ್ಮ ಪರಿಚಯವನ್ನು ಬರೆದುಕೊಟ್ಟರು. ಕೊಡದವರು ಫೋರ್ಮನ್ನರೊಬ್ಬರೇ.

"ಸಾರ್, ನಿಮ್ಮ ಪರಿಚಯ?" ಎಂದು ಆ ಹುಡುಗ ಟೂಲ್ ರೂಮಿಗೇ ಬಂದು ಕೇಳಿದನಂತೆ. ಫೋರ್ಮನ್ನರು ಅಳೆಯುತ್ತಿದ್ದ ವರ್ನಿಯರ್ ಕೆಳಗಿಡದೆ, ತಲೆ ಎತ್ತದೆ, ತಮ್ಮ ಜೀವನದ ಅತ್ಯಂತ ಹೆಮ್ಮೆಯ ಮಾತನ್ನು ಆಡಿದರಂತೆ.

"ನೆಟ್‌ನಾಗ ಐತಿ, ನೋಡ್ಕೋರಿ."

ಅವನು ನೋಡಿಕೊಂಡ.

ನಮ್ಮ ಕಾರ್ಖಾನೆಯಲ್ಲಿ ಅರವತ್ತಕ್ಕೆ ನಿವೃತ್ತಿ. ನೆಟ್ಟಿನಲ್ಲಿದ್ದ ಪ್ರಕಾರ ಫೋರ್ಮನ್ನರಿಗೆ ಅರವತ್ತೊಂದೂವರೆ. ಫೈಲಿನ ಪ್ರಕಾರ ಐವತ್ತೆಂಟು. ಫೈಲಿನಲ್ಲಿದ್ದದ್ದು ಶಾಲೆಯ ವಯಸ್ಸು. ಅವರು ಶಾಲೆಗೆ ಸೇರಿದ್ದೇ ತಡ. ಎಮ್ಮೆ ಕಾಯುವುದು ಮುಗಿದ ಮೇಲೆ ಬಂದ ಹುಡುಗನನ್ನು ಒಂದನೇ ತರಗತಿಗೆ ಹೊಂದಿಸಲು, ಮೇಷ್ಟ್ರು ಮೂರೂವರೆ ವರ್ಷ ಕಡಿಮೆ ಮಾಡಿ, ಜೂನ್ ಒಂದು ಎಂದು ಬರೆದುಕೊಂಡಿದ್ದರು. ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಜೂನ್ ಒಂದಕ್ಕೇ ಹುಟ್ಟಿದ್ದು. ಅದರಲ್ಲಿ ತಪ್ಪೇನೂ ಇಲ್ಲ, ಬರೀ ಎರಡು ವಯಸ್ಸು ಅಷ್ಟೇ. ಮನೆಯ ವಯಸ್ಸಿಗೆ ಶಾಲು, ಶಾಲೆಯ ವಯಸ್ಸಿಗೆ ಸಂಬಳ. ಎರಡೂ ಒಂದೇ ಕಡೆ ಎದುರು ಬದುರಾಗಬಾರದು.

ಎಚ್.ಆರ್. ಹುಡುಗ ಸನ್ಮಾನದ ವಿಷಯ ಬಿಟ್ಟು, ನಿಮ್ಮ ವಯಸ್ಸಿನ ಬಗ್ಗೆ ವಿವರಣೆ ಕೊಡಿ ಎಂದು ಪತ್ರ ಕೊಟ್ಟ. ಫೋರ್ಮನ್ನರ ಮಗಳು ಆಗ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಳು. ಅವಳ ಓದು ಮುಗಿಯುವುದಕ್ಕೂ, ಫೈಲಿನ ಪ್ರಕಾರ ಇವರ ನೌಕರಿ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಈಗಲೇ ಮನೆಗೆ ಕಳಿಸಿದರೆ ಆ ಲೆಕ್ಕವೆಲ್ಲ ತಲೆಕೆಳಗು.

ಇದಾವುದೂ ನನಗೆ ಗೊತ್ತಿರಲಿಲ್ಲ. ನಮ್ಮ ನಡುವೆ ಮಾತು ಬಿಟ್ಟು ಹೋಗಿತ್ತಲ್ಲ.

ಮಾರನೇ ದಿನ ಊಟದ ಬಿಡುವಿನಲ್ಲಿ ಫೋರ್ಮನ್ನರು ಎಚ್.ಆರ್. ಕೋಣೆಗೆ ಹೋದರು. ಅವರ ವಾದ ಗಟ್ಟಿಯಾಗಿತ್ತು. "ಅದನ್ನ ನಂಬ್ತೀರೇನ್ರಿ ಸರ? ಅದ್ರಾಗ ಯಾರು ಬೇಕಾದವ್ರು ಏನ್ ಬೇಕಾದ್ದು ಬರೀಬಹುದು. ಬೇಕಂದ್ರ ನಿಮ್ಮ ಮುಂದ ಬರದು ತೋರಸ್ತೀನಿ, ಕೊಡ್ರಿ ಇತ್ತಾಗ ಕಂಪ್ಯೂಟರ್."

ಕಾರ್ಖಾನೆಯ ಸಂಸ್ಥಾಪಕರಿಗೆ ಆಗ ಎಂಬತ್ತು ದಾಟಿತ್ತು. ಅವರ ಬಗ್ಗೆ ವಿಶ್ವಕೋಶದಲ್ಲಿ ನ್ಯಾಯವಾದ ಪುಟವೊಂದಿತ್ತು. ಫೋರ್ಮನ್ನರು ಅವರ ಹುಟ್ಟಿದ ಇಸವಿಯನ್ನು ಐವತ್ತು ವರ್ಷ ಮುಂದಕ್ಕೆ ಎಳೆದು, ಅವರನ್ನು ಮೂವತ್ತರ ತರುಣರನ್ನಾಗಿ ಮಾಡಿ, ಉಳಿಸು ಎಂಬಲ್ಲಿ ಒತ್ತಿದರು. ಉಳಿಯಿತು. ಸಂಸ್ಥಾಪಕರು ಕಾರ್ಖಾನೆಗಿಂತ ಹತ್ತು ವರ್ಷ ಚಿಕ್ಕವರಾದರು.

"ಈಗೇನಂತೀರಿ?" ಎಂದರು ಫೋರ್ಮನ್ನರು.

ಹುಡುಗ ಬೆರಗಾದ. "ಹೌದಲ್ಲ ಸಾರ್. ಇಷ್ಟು ಈಸಿನಾ? ಹಾಗಾದ್ರೆ ಇದನ್ನ ಪ್ರೂಫ್ ಅಂತ ಇಟ್ಕೊಳ್ಳೋಕಾಗಲ್ಲ ಬಿಡಿ," ಎಂದು ಪತ್ರ ವಾಪಸು ತೆಗೆದುಕೊಳ್ಳಲು ಕೈ ಚಾಚಿದ. ಫೋರ್ಮನ್ನರು ಪತ್ರ ಕೊಡಲು ಜೇಬಿಗೆ ಕೈ ಹಾಕಿದರು.

ಅದೇ ಹೊತ್ತಿಗೆ, ಮೂರು ಕೋಣೆ ಆಚೆ, ನಾನು ಮೊಸರನ್ನದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ವಿಶ್ವಕೋಶ ನೋಡುತ್ತಿದ್ದೆ. ಸಂಸ್ಥಾಪಕರ ಪುಟ ನನ್ನ ಕಾವಲಿನಲ್ಲಿತ್ತು. ಯಾರೋ ಕಿಡಿಗೇಡಿ ಅವರ ವಯಸ್ಸು ಕೆಡಿಸಿದ್ದು ಕಂಡಿತು. ಸರಿಪಡಿಸಿದೆ. ಯಾವ ಕಂಪ್ಯೂಟರಿನಿಂದ ಬಂದಿತ್ತೋ ಅದಕ್ಕೆ ಎಚ್ಚರಿಕೆಯ ಸಂದೇಶವನ್ನೂ ಅಂಟಿಸಿದೆ: "ವಿಶ್ವಕೋಶಕ್ಕೆ ಸುಳ್ಳು ಮಾಹಿತಿ ಸೇರಿಸುವುದು ಶೋಭೆಯಲ್ಲ. ಇದು ನಿಮಗೆ ಮೊದಲನೇ ಎಚ್ಚರಿಕೆ." ಎಲ್ಲ ಸೇರಿ ಎರಡು ನಿಮಿಷ ಹಿಡಿದಿರಬಹುದು. ಮನಸ್ಸಿಗೆ ಸಮಾಧಾನವಾಗಿ, ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಂಡೆ.

ಅಲ್ಲಿ ಎಚ್.ಆರ್. ಕೋಣೆಯಲ್ಲಿ, ಹುಡುಗ ಕೊನೆಯ ಬಾರಿಗೆ ಎಂದು ಪುಟವನ್ನು ಮತ್ತೆ ತೆರೆದ. ಸಂಸ್ಥಾಪಕರಿಗೆ ಮತ್ತೆ ಎಂಬತ್ತು ದಾಟಿತ್ತು. ಮೇಲೆ ಎಚ್ಚರಿಕೆ ಬಂದು ಕೂತಿತ್ತು. ಕಾರ್ಖಾನೆಯಲ್ಲಿ ಎಲ್ಲರಿಗೂ ಮೆಮೊ ಕೊಡುತ್ತಿದ್ದವನಿಗೆ ಮೊದಲ ಸಲ ತಾನೇ ಮೆಮೊ ತಿಂದ ಅನುಭವ. ಅವನು ಅದನ್ನು ಎರಡು ಸಲ ಓದಿ, ಕುರ್ಚಿಗೆ ಒರಗಿದ.

"ಸಾರ್, ನೀವು ತಪ್ಪು ಹಾಕಿ ಎರಡು ನಿಮಿಷ ಆಗಿಲ್ಲ, ಯಾರೋ ಹಿಡಿದು ಸರಿ ಮಾಡಿದಾರೆ. ನಿಮ್ಮ ವಯಸ್ಸು ಒಂದೂವರೆ ವರ್ಷದಿಂದ ಹಾಗೇ ಇದೆ. ಅಂದ್ರೆ ಅದು ಕರೆಕ್ಟ್ ಇದೆ ಅಂತ ತಾನೆ?"

ಫೋರ್ಮನ್ನರು ಪತ್ರವನ್ನು ಮತ್ತೆ ಜೇಬಿಗೆ ಹಾಕಿಕೊಂಡು ನೇರ ನನ್ನ ಕೋಣೆಗೆ ಬಂದರು. ಒಂದೂವರೆ ವರ್ಷದ ಮೇಲೆ ಮೊದಲ ಸಲ. ಡಬ್ಬಿಯ ಮುಚ್ಚಳ ಹಾಕುತ್ತಿದ್ದೆ.

"ತಗದವ್ರು ನೀವೇನ್ರಿ?"

"ಯಾವುದು? ಸಂಸ್ಥಾಪಕರದ್ದಾ? ಹೌದು."

"ಅಷ್ಟು ಲಗೂ ಯಾಕ್ರಿ? ಸಾವಕಾಶ ಊಟಾ ಮಾಡಿ ತಗೀಬಾರದೇನು?"

"ತಪ್ಪಿತ್ತಲ್ಲ ಸಾರ್."

ಅವರು ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಉಲ್ಲೇಖ ಕೇಳಿ ಹಾಕಿಸಿದವನು ನಾನು, ಪಾಸು ಮಾಡಿದವನು ನಾನು, ಈಗ ಅವರ ವಾದವನ್ನು ಕೆಡಿಸಿದವನೂ ನಾನೇ. ಎಚ್.ಆರ್. ಹುಡುಗನ ಹತ್ತಿರ ಹೋಗಿ, ಅದನ್ನು ನಂಬಬೇಡಪ್ಪ, ಕಾಯುವವನು ನಾನೊಬ್ಬನೇ ಅಂದೆ. ಅವನಿಗೆ ಇನ್ನಷ್ಟು ನಂಬಿಕೆ ಬಂತು. "ನೀವಾ ಸಾರ್? ನೀವು ಚೆಕ್ ಮಾಡಿದ್ರೆ ಮುಗೀತಲ್ಲ," ಎಂದು ಫೈಲನ್ನು ಮುಖ್ಯ ಕಚೇರಿಯ ವಕೀಲರಿಗೆ ಕಳಿಸಿಬಿಟ್ಟ.

ಉಳಿದದ್ದು ಒಂದೇ ದಾರಿ, ಪುಟವನ್ನೇ ಅಳಿಸುವುದು. ಉಲ್ಲೇಖ ಕೂತ ಪುಟ ಅಳಿಸಲೂ ನಿಯಮವಿದೆ. ಏಳು ದಿನ ಚರ್ಚೆಗೆ ಇಡಬೇಕು, ಯಾರು ಬೇಕಾದರೂ ಬಂದು ಉಳಿಸಿ ಅಥವಾ ಅಳಿಸಿ ಎಂದು ಹೇಳಬಹುದು. ನಾನು ಇಟ್ಟೆ. ಮೊದಲ ಮಾತು ಫೋರ್ಮನ್ನರದ್ದೇ ಬಂತು, ಈ ಸಲ ಸ್ವಂತ ಹೆಸರಿನಲ್ಲಿ: "ಅಳಿಸಿ. ಈ ವ್ಯಕ್ತಿಯನ್ನು ನಾನು ಬಹಳ ಹತ್ತಿರದಿಂದ ಬಲ್ಲೆ. ಅಂಥ ದೊಡ್ಡ ಕವಿಯೇನೂ ಅಲ್ಲ. ಪುಸ್ತಕ ತಾನೇ ಅಚ್ಚು ಹಾಕಿಸಿದ್ದು. ಸ್ವಭಾವವೂ ಅಷ್ಟೊಂದು ಶಾಂತವಲ್ಲ."

ವಿಶ್ವಕೋಶದಲ್ಲಿ ಯಾರಾದರೂ ತಮ್ಮ ಬಗ್ಗೆ ಬರೆದುಕೊಂಡದ್ದರಲ್ಲಿ ನಾನು ಒಂದಕ್ಷರವೂ ತಿದ್ದಬೇಕಾಗಿ ಬಾರದ ಬರಹ ಅದು.

ಎರಡನೇ ದಿನ ಬ್ರೂಕ್‌ಫೀಲ್ಡಿನ ಅಧ್ಯಕ್ಷರು ಬಂದು, "ಉಳಿಸಿ. ಸರಳ ಸಜ್ಜನರು. ಚಪ್ಪಾಳೆ," ಎಂದು ಬರೆದು ಹೋದರು. ಅವರಿಗೆ ಅಳಿಸುವ ಚರ್ಚೆ ಎಲ್ಲಿ ಕಂಡರೂ ಹೊಟ್ಟೆ ಉರಿಯುತ್ತಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಿರಲಿಲ್ಲ.

ಐದನೇ ದಿನ ಹೆಬ್ಬಗೋಡಿಯ ಒಬ್ಬ ಶಿಕ್ಷಕಿ ಬರೆದರು. "ಉಳಿಸಿ. ಇವರು ಯಾರೆಂದು ನನಗೆ ಗೊತ್ತಿಲ್ಲ. ಇವರ ಮೊಳೆಯ ಚುಟುಕು ನಮ್ಮ ಶಾಲೆಗೆ ಯಾರೋ ಕೊಟ್ಟ ಹಳೆಯ ಪುಸ್ತಕಗಳಲ್ಲಿ ಸಿಕ್ಕಿತು. ನಮ್ಮಲ್ಲಿ ಓದುವ ಮಕ್ಕಳ ಅಪ್ಪಂದಿರೆಲ್ಲ ಕಾರ್ಖಾನೆಯವರು. ವಾರ್ಷಿಕೋತ್ಸವದಲ್ಲಿ ಮಕ್ಕಳು ಅದನ್ನು ಆಡಿ ತೋರಿಸಿದಾಗ ಅಪ್ಪಂದಿರು ಎದ್ದು ನಿಂತು ನಕ್ಕರು. ಕವಿಯ ಬಗ್ಗೆ ತಿಳಿಯಲು ಹುಡುಕಿದಾಗ ಈ ಪುಟ ಒಂದೇ ಸಿಕ್ಕಿದ್ದು. ಅಳಿಸಬೇಡಿ."

ಫೋರ್ಮನ್ನರನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ತೆಗೆದು ಒರೆಸಿ ಮತ್ತೆ ಓದಿದರು.

"ಇವ್ರು ಯಾರ್ರಿ?"

"ಗೊತ್ತಿಲ್ಲ ಸಾರ್."

"ನಾ ಹೇಳ್ಸಿದ್ದಲ್ರಿ ಇದು."

"ಗೊತ್ತು ಸಾರ್."

ಮೂರನೇ ಸಲ ಓದಿದರು. ಅರವತ್ತು ವರ್ಷದಲ್ಲಿ ಅವರನ್ನು ಹೊಗಳಿದ ಚೀಟಿಗಳನ್ನೆಲ್ಲ ಅವರೇ ಬರೆದಿದ್ದರು. ಅವರು ಕೇಳದೆ, ಗುರುತಿಲ್ಲದವರು ಬರೆದದ್ದು ಇದೇ ಮೊದಲು. ಅದನ್ನು ಅವರೂ ಯೋಚಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

"ಇರಲಿ ಬಿಡ್ರಿ. ಅಳಿಸಬ್ಯಾಡ್ರಿ."

"ಕೆಲಸ?"

"ಕೆಲಸಾ ಹೋದ್ರ ಎಲ್ಲೆರೆ ಸಣ್ಣ ವರ್ಕ್‌ಶಾಪಿನಾಗ ನಿಂದರತೀನಿ. ಅಲ್ಲೆ ವಯಸ್ಸು ಕೇಳಂಗಿಲ್ಲ, ಕೈ ನೋಡ್ತಾರ."

ತಾವು ಬರೆದಿದ್ದ "ಅಳಿಸಿ" ಎಂಬುದನ್ನು ತಾವೇ ಹೊಡೆದುಹಾಕಿದರು. ಶಾಂತ ಸ್ವಭಾವ ಅಲ್ಲ ಎಂಬುದನ್ನು ಮಾತ್ರ ಹಾಗೇ ಬಿಟ್ಟರು. ಅಂದು ಕ್ಯಾಂಟೀನಿನಲ್ಲಿ ನನ್ನ ಮೇಜಿಗೇ ಬಂದು ಕೂತರು.

ಮುಖ್ಯ ಕಚೇರಿಯ ವಕೀಲರ ಪತ್ರ ಮೂರು ವಾರದ ಮೇಲೆ ಬಂತು. ಶಾಲೆಯ ದಾಖಲೆಯೇ ಅಂತಿಮ, ಜಾತಕ, ಸಂಚಿಕೆ, ಅಂತರ್ಜಾಲ ಯಾವುದೂ ಲೆಕ್ಕಕ್ಕಿಲ್ಲ ಎಂದಿತ್ತು. ಅಷ್ಟನ್ನು ಮೊದಲೇ ಕೇಳಿದ್ದರೆ ನಮ್ಮ ಇಷ್ಟು ಪರದಾಟ ಇರಲಿಲ್ಲ.

ಫೈಲಿನ ಪ್ರಕಾರ ಅರವತ್ತಾದ ದಿನ ಕಾರ್ಖಾನೆಯ ಅಂಗಳದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡರು. ಮಗಳ ಕೊನೆಯ ಪರೀಕ್ಷೆ ಹಿಂದಿನ ವಾರವಷ್ಟೇ ಮುಗಿದಿತ್ತು. ಅವಳು ಮುಂದಿನ ಸಾಲಿನಲ್ಲೇ ಕೂತಿದ್ದಳು. ಎಚ್.ಆರ್. ಹುಡುಗ ಎರಡು ದಿನ ಮೊದಲೇ ಬಂದು ಪರಿಚಯ ಕೇಳಿದಾಗ, ಫೋರ್ಮನ್ನರು "ನೆಟ್‌ನಾಗ..." ಎಂದು ಶುರು ಮಾಡಿ, ನಿಲ್ಲಿಸಿ, "ಬ್ಯಾಡ ತಡೀರಿ, ನಾನೇ ಬರದು ಕೊಡ್ತೀನಿ," ಅಂದಿದ್ದರು.

ಹುಡುಗ ಅದನ್ನೇ ಓದಿದ. "ಇಂದು ಅರವತ್ತು ವಸಂತಗಳನ್ನು ಪೂರೈಸಿರುವ ಶ್ರೀಯುತರು" ಎಂದು ಬಂದಾಗ, ಹಿಂದಿನ ಅರವತ್ತಕ್ಕೆ ಬಂದು ಊಟ ಮಾಡಿದ್ದ ನಾಲ್ಕೈದು ಜನ ನೆಲ ನೋಡಿದರು. ಫೋರ್ಮನ್ನರ ಹೆಗಲ ಮೇಲಿದ್ದದ್ದೂ ಆ ಅರವತ್ತರ ಶಾಲೇ. ಅದರ ಮೇಲೆ ಹೊಸದನ್ನು ಹೊದಿಸಿದರು.

ಈ ನಡುವೆ ಪುಟದಲ್ಲಿ ನಾನು ಒಂದು ತಿದ್ದುಪಡಿ ಮಾಡಿದ್ದೆ. ನಂಬಬಹುದಾದ ಎರಡು ದಾಖಲೆಗಳು ಬೇರೆ ಬೇರೆ ಹೇಳಿದರೆ ಎರಡನ್ನೂ ಕೊಡಬೇಕು ಎಂಬುದು ನಿಯಮ. ನೆನಪಿನ ಸಂಚಿಕೆಯ ಪ್ರಕಾರ ಒಂದು ಇಸವಿ, ಬೀಳ್ಕೊಡುಗೆಯ ಆಮಂತ್ರಣ ಪತ್ರದ ಪ್ರಕಾರ ಇನ್ನೊಂದು. ಎರಡಕ್ಕೂ ಉಲ್ಲೇಖ ಹಾಕಿದ್ದೆ.

ಕಾರ್ಯಕ್ರಮ ಮುಗಿದು ಎಲ್ಲರೂ ಮೈಸೂರುಪಾಕಿನ ತಟ್ಟೆ ಹಿಡಿದು ನಿಂತಿದ್ದಾಗ, ಎಚ್.ಆರ್. ಹುಡುಗ ಫೋರ್ಮನ್ನರ ಹತ್ತಿರ ಬಂದು ದನಿ ತಗ್ಗಿಸಿದ.

"ಸಾರ್, ಈಗಂತೂ ಎಲ್ಲಾ ಮುಗೀತು. ಇನ್ನು ನಾನೇನೂ ಮಾಡೋಕಾಗಲ್ಲ. ನಿಜ ಹೇಳಿ, ನಿಮ್ಮ ಒರಿಜಿನಲ್ ವಯಸ್ಸು ಎಷ್ಟು?"

ಫೋರ್ಮನ್ನರು ಎರಡೂ ಶಾಲುಗಳನ್ನು ಸರಿಮಾಡಿಕೊಂಡರು. ನನ್ನ ಕಡೆ ಒಮ್ಮೆ ನೋಡಿದರು.

"ನೆಟ್‌ನಾಗ ಐತಿ, ನೋಡ್ಕೋರಿ," ಅಂದರು. "ಎರಡೂ ಅದಾವು. ನಿಮಗ ಬೇಕಾದ್ದು ತಗೋರಿ."